ದೊಡ್ಡಪ್ಪನ ಕಂಬ

ನಮ್ಮ ಗೋದಾಮಿನ ಫ್ಯಾನು ಕೆಟ್ಟು ಎರಡು ಬೇಸಿಗೆ ಕಳೆದಿದ್ದವು. ಅದನ್ನು ರಿಪೇರಿ ಮಾಡಿಸುವ ಬದಲು ಗೋಡೆಗೆ ಒಂದು ದೊಡ್ಡ ಸ್ಕ್ರೀನು ತಂದು ಹಾಕಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಸ್ಕ್ರೀನು ಬಂದ ಬೆನ್ನಿಗೇ ಹೆಡ್ ಆಫೀಸಿನಿಂದ ಒಬ್ಬರು ಮೇಡಂ ಬಂದರು. ಇನ್ನು ಮೇಲೆ ಹೊಸ ಅನಾಲಿಟಿಕ್ಸ್ ವ್ಯವಸ್ಥೆ, ಯಾರು ಎಷ್ಟು ಕೆಲಸ ಮಾಡಿದರು ಎಂಬುದು ಕಂಬಕಂಬವಾಗಿ ಎಲ್ಲರಿಗೂ ಕಾಣುತ್ತದೆ, ನಿಮಗೇ ಗೊತ್ತಿಲ್ಲದ ಸಂಗತಿಗಳು ಇದರಿಂದ ಗೊತ್ತಾಗುತ್ತವೆ ಎಂದರು. ಹಸಿರು ಕಂಬ ಒಳ್ಳೆಯದು, ಕೆಂಪು ಕಂಬ ಕೆಟ್ಟದ್ದು. ವಾರವಿಡೀ ಕೆಂಪಾಗಿಯೇ ಉಳಿದವರಿಗೆ ಇಲ್ಲಿ ಕೆಲಸ ಇರುವುದಿಲ್ಲ. ಏನಾದರೂ ಕೇಳುವುದಿದ್ದರೆ ಕೇಳಿ ಎಂದರು. ನಾನು ಫ್ಯಾನಿನ ಬಗ್ಗೆ ಕೇಳಿದೆ. ಅದು ಈ ವ್ಯವಸ್ಥೆಯಲ್ಲಿ ಬರುವುದಿಲ್ಲವಂತೆ.

ನಾವು ಪ್ಯಾಕ್ ಮಾಡುವುದು ಗಾಜಿನ ಲೋಟ, ಪಿಂಗಾಣಿ ತಟ್ಟೆ. ಒಂದೊಂದಕ್ಕೂ ಕಾಗದ ಸುತ್ತಿ, ಮಧ್ಯೆ ರಟ್ಟು ಇಟ್ಟು, ಬಾಕ್ಸಿಗೆ ಟೇಪು ಹಚ್ಚಿ, ಮೇಜಿನ ಮೇಲಿನ ಯಂತ್ರದಲ್ಲಿ ನಮ್ಮ ನಮ್ಮ ನಂಬರು ಒತ್ತಿದರೆ ಆ ಬಾಕ್ಸು ನಮ್ಮ ಲೆಕ್ಕಕ್ಕೆ. ಕೊನೆಯ ಮೇಜು, ಹದಿನೇಳನೆಯ ನಂಬರು, ನಮ್ಮ ದೊಡ್ಡಪ್ಪನದು. ಅಪ್ಪನ ಒಡಹುಟ್ಟಿದ ಅಣ್ಣ. ನನಗೆ ಈ ಕೆಲಸ ಕೊಡಿಸಿದವರೂ ಅವರೇ. ನಾನು ದೊಡ್ಡಪ್ಪ ಎನ್ನುವುದನ್ನು ಕೇಳಿ ಕೇಳಿ ಇಡೀ ಗೋದಾಮು, ಅವರಿಗಿಂತ ಹಿರಿಯನಾದ ವಾಚ್‌ಮನ್ ಕೂಡ, ಅವರನ್ನು ದೊಡ್ಡಪ್ಪ ಎಂದೇ ಕರೆಯುತ್ತದೆ. ತಾನು ಕಟ್ಟಿದ ಬಾಕ್ಸನ್ನು ಮಹಡಿಯಿಂದ ಎಸೆದರೂ ಲೋಟ ಒಡೆಯುವುದಿಲ್ಲ ಎಂದು ಅವರು ಕೊಚ್ಚಿಕೊಳ್ಳುತ್ತಿದ್ದರು. ಒಮ್ಮೆ ಎಸೆದೂ ತೋರಿಸಿದರು. ಎರಡು ಒಡೆದವು. ಅದು ಲೋಟದ ತಪ್ಪು ಎಂದರು.

ಹೋದ ವರ್ಷ ಅವರಿಗೆ ಸಣ್ಣದಾಗಿ ಲಕ್ವ ಹೊಡೆಯಿತು. ಕಾಲು ಸರಿಹೋಯಿತು. ಬಾಯಿಯಂತೂ ಮೊದಲಿಗಿಂತ ಜೋರಾಯಿತು. ಬಲಗೈ ಬೆರಳುಗಳು ಮಾತ್ರ ಹೇಳಿದ ಮಾತು ಕೇಳಲಿಲ್ಲ. ನಾನು ಮೂರು ಬಾಕ್ಸು ಮುಗಿಸುವಷ್ಟರಲ್ಲಿ ಅವರದು ಒಂದಾದರೆ ಪುಣ್ಯ. ನೋಡಲಾಗದೆ ನಾನು ದಿನಾ ನಾಲ್ಕಾರು ಬಾಕ್ಸಿಗೆ ನನ್ನ ನಂಬರಿನ ಬದಲು ಹದಿನೇಳು ಒತ್ತತೊಡಗಿದೆ. ಯಾರಿಗೂ ಹೇಳಲಿಲ್ಲ. ಆಗ ಆಫೀಸಿನವರು ನೋಡುತ್ತಿದ್ದದ್ದು ಯಾರ ಲೆಕ್ಕ ಕಡಿಮೆ ಬಿತ್ತು ಎಂದಷ್ಟೇ. ಕಡಿಮೆ ಬಿದ್ದವರನ್ನು ಮಾತ್ರ ಕರೆದು ಬೈಯುತ್ತಿದ್ದರು. ದೊಡ್ಡಪ್ಪನನ್ನು ಯಾರೂ ಕರೆಯಲಿಲ್ಲ. ಅವರು ಕೈ ಸರಿಹೋಯಿತು ಎಂದುಕೊಂಡರು. ನಿಧಾನ ಅನ್ನಿಸುತ್ತದೆ ಅಷ್ಟೇ, ಲೆಕ್ಕದಲ್ಲಿ ಏನೂ ಕಡಿಮೆಯಾಗಿಲ್ಲ ಎಂದು ದೊಡ್ಡಮ್ಮನ ಮುಂದೆ ಬೆರಳು ಆಡಿಸಿ ತೋರಿಸುತ್ತಿದ್ದರು. ದೊಡ್ಡಮ್ಮ ನಂಬಿದ್ದರು. ಪಾಪ, ದೊಡ್ಡಪ್ಪನೂ ನಂಬಿದ್ದರು.

ಸೋಮವಾರ ಮೇಡಂ ಸ್ಕ್ರೀನು ಹಚ್ಚಿ ಹಿಂದಿನ ವಾರದ ಕಂಬಗಳನ್ನು ತೋರಿಸಿದರು. ನಮ್ಮವೆಲ್ಲ ಮೊಣಕಾಲುದ್ದ. ಹದಿನೇಳನೆಯದು ಸ್ಕ್ರೀನಿನ ನೆತ್ತಿಗೆ ಹೋಗಿ ಮುಟ್ಟಿತ್ತು. ಎಲ್ಲ ಊರಿನ ಗೋದಾಮುಗಳನ್ನೂ ಸೇರಿಸಿದರೆ ಕಂಪನಿಗೇ ಮೊದಲಿಗರು ಇವರು ಎಂದು ಮೇಡಂ ಚಪ್ಪಾಳೆ ತಟ್ಟಿದರು. ಇದು ಹೇಗೆ ಸಾಧ್ಯವಾಯಿತು ಎಂದು ಅವರು ಕೇಳಿದ್ದೇ ತಡ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಒಬ್ಬೊಬ್ಬರ ಕೈಯೂ ಯಂತ್ರದಿಂದ ಹಿಂದಕ್ಕೆ ಸರಿಯಿತು. ಪಕ್ಕದ ಮೇಜಿನವನದು, ಎದುರು ಮೇಜಿನ ಅಕ್ಕನದು, ಎಲ್ಲರ ಜೊತೆಗೂ ಜಗಳ ಕಾಯುವವನದು ಕೂಡ. ಹದಿನೇಳು ಒತ್ತುವವಳು ನಾನೊಬ್ಬಳೇ ಎಂದುಕೊಂಡಿದ್ದೆ. ಪ್ರತಿಯೊಬ್ಬರೂ ತಾವೊಬ್ಬರೇ ಎಂದುಕೊಂಡಿದ್ದರು.

ದೊಡ್ಡಪ್ಪ ಕಾಲರು ಸರಿಮಾಡಿಕೊಂಡು, ಅವಸರ ಪಡದಿರುವುದೇ ಗುಟ್ಟು ಎಂದು ಮೇಡಂಗೆ ಪಾಠ ಶುರುಮಾಡಿದರು. ನಾವು ಇಂಗು ತಿಂದ ಮಂಗನಂತೆ ನಿಂತಿದ್ದೆವು. ಇವರ ಕೆಲಸದ ವಿಡಿಯೊ ಮಾಡಿ ಉಳಿದವರಿಗೆ ಕಲಿಸೋಣ ಎಂದು ಮೇಡಂ, ಎಲ್ಲಕ್ಕಿಂತ ಹೆಚ್ಚು ಬಾಕ್ಸು ಕಟ್ಟಿದ ದಿನ ಯಾವುದು ಎಂದು ಗುಂಡಿ ಒತ್ತಿದರು. ಗುರುವಾರ. ಗುರುವಾರ ದೊಡ್ಡಪ್ಪ ದೊಡ್ಡಮ್ಮನ ಕಣ್ಣಿನ ಆಪರೇಷನ್ನಿಗೆಂದು ರಜೆ ಹಾಕಿ ಆಸ್ಪತ್ರೆಯಲ್ಲಿದ್ದರು. ಪಾಪ, ಇವತ್ತು ಬಂದಿಲ್ಲ, ಲೆಕ್ಕ ಕಡಿಮೆ ಬೀಳುತ್ತದಲ್ಲ ಎಂದು ನಾನು ಅವತ್ತು ಧಾರಾಳವಾಗಿ ಒತ್ತಿದ್ದೆ. ಎಲ್ಲರೂ ಒತ್ತಿದ್ದರು. ಬಂದಿದ್ದಾರೋ ಇಲ್ಲವೋ ಎಂದು ನೋಡಿ ಒತ್ತುವಷ್ಟು ಬುದ್ಧಿ ಒಬ್ಬರಿಗೂ ಇರಲಿಲ್ಲ.

ದೊಡ್ಡಪ್ಪ ಪಾಠ ನಿಲ್ಲಿಸಿದರು. ಕಂಬವನ್ನು ನೋಡಿದರು, ತಮ್ಮ ಬೆರಳುಗಳನ್ನು ನೋಡಿದರು, ಆಮೇಲೆ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ನಮಗೆಲ್ಲ ಇದ್ದಕ್ಕಿದ್ದಂತೆ ಕೆಲಸ ಜ್ಞಾಪಕಕ್ಕೆ ಬಂತು. ಮೇಡಂ ಕೆಟ್ಟವರಲ್ಲ. ಹೊಸ ವ್ಯವಸ್ಥೆ, ಮೊದಮೊದಲು ಏನೋ ತಪ್ಪು ತೋರಿಸಿರಬೇಕು ಎಂದು ಮೆಲ್ಲಗೆ ಹೇಳಿದರು. ಸೂಪರ್‌ವೈಸರು ಹೌದು ಹೌದು ಎಂದರು.

“ತಪ್ಪೇನಿಲ್ಲ ಮೇಡಂ,” ಎಂದರು ದೊಡ್ಡಪ್ಪ. “ಇವರೆಲ್ಲ ಸೇರಿ ನನ್ನನ್ನ ಸಾಕ್ತಾ ಇದ್ರು. ನಾಳೆಯಿಂದ ನನ್ನ ನಂಬರು ಯಾರೂ ಮುಟ್ಟಬೇಡಿ.”

ಸಂಜೆ ಬಸ್ಸಿನಲ್ಲಿ ನಾನು ಅವರಿಗೆ ಚೆನ್ನಾಗಿ ಬೈದೆ. ನನಗೆ ಅಷ್ಟು ಸಿಟ್ಟು ಬಂದಿತ್ತು. ಮೇಡಂ ದಾರಿ ತೋರಿಸಿದರೂ ಹೋಗಿ ಗುಂಡಿಗೆ ಬೀಳುತ್ತೀರಲ್ಲ, ಈ ವಯಸ್ಸಿನಲ್ಲಿ ಇನ್ನೊಬ್ಬರು ಕೆಲಸ ಕೊಡುತ್ತಾರಾ, ದೊಡ್ಡಮ್ಮನ ಗತಿ ಏನು ಎಂದೆಲ್ಲ ಕೇಳಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು.

“ನನ್ನ ಕೈಯಲ್ಲಿ ಎಷ್ಟಾಗುತ್ತೆ ಅಂತ ನಿಮಗೆಲ್ಲ ಗೊತ್ತು,” ಎಂದರು. “ನನಗೊಬ್ಬನಿಗೇ ಗೊತ್ತಿಲ್ಲ.”



ಆ ವಾರ ಹದಿನೇಳನೆಯ ಕಂಬ ಕೆಂಪಗೆ, ಗಿಡ್ಡಗೆ ನಿಂತಿತ್ತು. ಪಕ್ಕದ ಮೇಜಿನವನು ಹದಿನೇಳು ಒತ್ತಲು ಎರಡು ಸಲ ಬೆರಳು ಎತ್ತಿ ಇಳಿಸಿದ. ದೊಡ್ಡಪ್ಪ ಯಾರ ಜೊತೆಗೂ ಹರಟೆಗೆ ನಿಲ್ಲದೆ, ಊಟಕ್ಕೂ ಕೊನೆಗೆ ಎದ್ದು, ಎಡಗೈಯಲ್ಲಿ ಲೋಟ ಹಿಡಿದು ಬಲಗೈಯಲ್ಲಿ ಕಾಗದ ಸುತ್ತಿದರು. ಕಾಗದ ಜಾರಿದರೆ ಮತ್ತೆ ಸುತ್ತಿದರು. ಶನಿವಾರ ಮಧ್ಯಾಹ್ನ ಸೂಪರ್‌ವೈಸರು ಬಂದು, ನೆಲ ನೋಡುತ್ತ, ಸೋಮವಾರದಿಂದ ಬರುವುದು ಬೇಡ ಎಂದು ಹೇಳಿದರು. ಆಯಿತು, ಕೈಯಲ್ಲಿರುವ ಬಾಕ್ಸು ಮುಗಿಸಿಬಿಡುತ್ತೇನೆ ಎಂದರು ದೊಡ್ಡಪ್ಪ. ಮುಗಿಸಿದರು. ನಂಬರು ಒತ್ತಿದರು. ಕಂಬ ಕೂದಲೆಳೆಯಷ್ಟು ಮೇಲೆ ಹೋಯಿತು.

ಆಮೇಲೆ ನನ್ನನ್ನು ಕರೆದು, ಆ ಕಂಬದ್ದೊಂದು ಫೋಟೊ ತೆಗಿ, ಮನೆಯಲ್ಲಿ ತೋರಿಸಬೇಕು ಎಂದರು.

“ಕೆಂಪಗಿದೆಯಲ್ಲ ದೊಡ್ಡಪ್ಪ. ದೊಡ್ಡಮ್ಮನಿಗೆ ಏನಂತ ಹೇಳೋದು?”

“ಇಷ್ಟೂ ನಂದೇ ಅಂತ ಹೇಳು.”

ಫೋಟೊ ಅಲುಗಿಹೋಯಿತು. ಇನ್ನೊಂದು ತೆಗಿ ಎಂದರು.