‘ಇಲ್ಲ’ ಎನ್ನಲು ಕಲಿಸಿದ ಕನ್ನಡಕದ ಮೇಷ್ಟ್ರು

ಕಣ್ಣು ಪರೀಕ್ಷಿಸಿ ಚೀಟಿ ಬರೆಯುವ ವೈದ್ಯರಿಗೂ ಆ ಚೀಟಿ ಹಿಡಿದು ಬೀದಿಗಿಳಿಯುವವರಿಗೂ ನಡುವೆ ಒಬ್ಬ ಮನುಷ್ಯ ಇರುತ್ತಾನೆ. ಅಂಕಿಗಳನ್ನು ಗಾಜಾಗಿಸಿ, ಆ ಗಾಜನ್ನು ಮೂಗಿನ ಮೇಲೆ ನೇರವಾಗಿ ನಿಲ್ಲಿಸುವುದು ಅವನ ಕೆಲಸ. ಕಣ್ಣಿನ ದೋಷ ಸರಳವಾಗಿದ್ದರೆ ಅವನು ಯಾರಾದರೂ ನಡೆದೀತು. ತೊಡಕಾಗಿದ್ದರೆ, ಅವನು ಯಾರೆಂಬುದರ ಮೇಲೆಯೇ ಒಬ್ಬರ ಓದು, ಉದ್ಯೋಗ, ಕೆಲವೊಮ್ಮೆ ಮನಸ್ಸಿನ ನೆಮ್ಮದಿಯೂ ನಿಂತಿರುತ್ತದೆ. ಇಂಥ ಕೆಲಸದಲ್ಲಿ ನಲವತ್ತೊಂದು ವರ್ಷ ದುಡಿದು ಈಗ ನಿವೃತ್ತರಾಗುತ್ತಿರುವವರು, ತಾವು ಯಾವ ಶಾಲೆಯಲ್ಲೂ ಪಾಠ ಮಾಡದಿದ್ದರೂ ಊರೆಲ್ಲ ‘ಕನ್ನಡಕದ ಮೇಷ್ಟ್ರು’ ಎಂದೇ ಕರೆದ ಹಿರಿಯರು. ಅವರ ಕೈಕೆಳಗೆ ಕಲಿತು ಸ್ವಂತ ಅಂಗಡಿ ಇಟ್ಟ ಹದಿನೇಳು ಮಂದಿ ಸೇರಿ ಹೊರತರುತ್ತಿರುವ ಈ ಅಭಿನಂದನ ಸಂಪುಟದಲ್ಲಿ ಅವರ ಕಸುಬನ್ನು ಕುರಿತ ಲೇಖನಗಳು ಬೇಕಾದಷ್ಟಿವೆ. ಈ ಲೇಖನ ಅವರ ಗಿರಾಕಿಯೊಬ್ಬಳ ಕುರಿತದ್ದು.

ಮೇಷ್ಟ್ರ ವೃತ್ತಿಜೀವನ ಆರಂಭವಾದದ್ದು ಗಾಜು ಸಾಣೆ ಹಿಡಿಯುವ ಒಂದು ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ. ಒದ್ದೆ ಕಲ್ಲಿನ ಮುಂದೆ ಹತ್ತು ವರ್ಷ ಕುಳಿತ ಮೇಲೆ ಅವರಿಗೊಂದು ವಿಷಯ ಕಾಡತೊಡಗಿತಂತೆ: ತಾವು ಇಷ್ಟು ಜತನದಿಂದ ಉಜ್ಜುವ ಗಾಜು ಯಾರ ಮುಖಕ್ಕೆ ಹೋಗುತ್ತದೆ, ಹೋದ ಮೇಲೆ ಏನಾಗುತ್ತದೆ ಎಂಬುದು ತಮಗೇ ಗೊತ್ತಿಲ್ಲ. ಅದನ್ನು ತಿಳಿಯಲೆಂದೇ ಪರೀಕ್ಷೆಯ ವಿದ್ಯೆ ಕಲಿತು, ಪರವಾನಗಿ ಪಡೆದು, ಮೆಟ್ಟಿಲ ಕೆಳಗಿನ ಪುಟ್ಟ ಜಾಗದಲ್ಲಿ ಅಂಗಡಿ ತೆರೆದರು. ಒಂದು ಅಕ್ಷರದ ಹಲಗೆ, ಎರಡು ಕುರ್ಚಿ, ಗೋಡೆಗೊಂದು ಕನ್ನಡಿ, ಮೂಲೆಯಲ್ಲಿ ಒಂದು ಮೇಜು. ಕನ್ನಡಿಗಿಂತ ಮೇಜನ್ನೇ ದೊಡ್ಡದಾಗಿ ಮಾಡಿಸಿದ್ದರು. ಬಂದವರನ್ನು ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ, ‘ಏನು ಕಾಣಿಸ್ತಿಲ್ಲ?’ ಎಂದಲ್ಲ, ‘ಏನು ಕೆಲಸ ಮಾಡ್ತೀರಿ?’ ಎಂದು. ದರ್ಜಿಯಾದರೆ ಸೂಜಿ, ಗಡಿಯಾರ ರಿಪೇರಿಯವನಾದರೆ ಗಡಿಯಾರ, ಯಾರೇ ಆದರೂ ತಮ್ಮ ಕೆಲಸವನ್ನು ಜೊತೆಗೆ ತಂದು ಆ ಮೇಜಿನ ಮೇಲೆ ಮಾಡಿ ತೋರಿಸಬೇಕು. ಮೇಷ್ಟ್ರು ಕಣ್ಣಿನಿಂದ ಕೆಲಸದವರೆಗೆ ಒಂದು ಬಿಳಿ ದಾರ ಹಿಡಿದು ಅಳೆಯುತ್ತಿದ್ದರು. ಹೊಲಿಗೆಯವರ ದಾರವೆಂದು ಕೆಲವರು ನಗುತ್ತಿದ್ದರು. ನಗುವವರು ನಗಲಿ ಎಂದು ಅವರು ಅಳತೆಯ ಗುರುತಿಗೆ ಗಂಟು ಹಾಕಿಕೊಳ್ಳುತ್ತಿದ್ದರು.

ಮೇಷ್ಟ್ರು ಕಸುಬಿಗಿಳಿದ ಮೂವತ್ತಮೂರನೆಯ ವರ್ಷದಲ್ಲಿ ಈ ಅಂಗಡಿಗೆ ಒಬ್ಬ ಹುಡುಗಿ ಬಂದಳು. ಬಂದಳು ಎನ್ನುವುದಕ್ಕಿಂತ ಅವಳ ಚಿಕ್ಕಮ್ಮ ಎಳೆದುಕೊಂಡು ಬಂದರು ಎನ್ನಬೇಕು. ಪದವಿ ಮುಗಿಸಿ, ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು. ಆರನೆಯ ತಿಂಗಳ ಕೊನೆಗೆ ಕೆಲಸ ಖಾಯಂ ಆಗಬೇಕು, ಇಲ್ಲವೇ ಮನೆಗೆ ಹೋಗಬೇಕು. ಅವಳ ಕಣ್ಣಿಗೆ ಚಿಕ್ಕಂದಿನಿಂದಲೇ ದಪ್ಪ ಗಾಜು. ಅದರ ಮೇಲೆ, ಇಂತಿಷ್ಟೇ ಕೋನಕ್ಕೆ ತಿರುಗಿಸಿ ಕೂರಿಸಬೇಕಾದ ಸಿಲಿಂಡರ್ ಪವರ್. ಸಾಲದ್ದಕ್ಕೆ ದಣಿದಾಗ ಬಲಗಣ್ಣು ತುಸು ಮೇಲಕ್ಕೆ ಸರಿದು ಒಂದು ಸಾಲು ಎರಡಾಗಿ ಕಾಣುತ್ತಿತ್ತು. ಎರಡು ಸಾಲು ಕಂಡಾಗ ಯಾವುದು ನಿಜವೆಂದು ಊಹಿಸಿ ತಿದ್ದುತ್ತಿದ್ದಳು. ಊಹೆ ಒಮ್ಮೊಮ್ಮೆ ತಪ್ಪುತ್ತಿತ್ತು. ಮುದ್ರಣಾಲಯದ ಮೇಲ್ವಿಚಾರಕರು, ‘ಏನಮ್ಮಾ, ಅಚ್ಚಿನ ಮೊಳೆಗಿಂತ ನಿನ್ನ ತಪ್ಪುಗಳೇ ಜಾಸ್ತಿ ಆದ್ವಲ್ಲ,’ ಎಂದು ಎಲ್ಲರೆದುರು ಅಂದಿದ್ದರು. ಅವಳು ಅದನ್ನು ಯಾರಿಗೂ ಹೇಳದೆ ದಿನಚರಿಯಲ್ಲಿ ಬರೆದಿಟ್ಟುಕೊಂಡಿದ್ದಳು.

ಅಷ್ಟರಲ್ಲಿ ಮೂರು ಅಂಗಡಿಗಳ ಮೂರು ಕನ್ನಡಕ ಅವಳ ಚೀಲದಲ್ಲಿದ್ದವು. ಅಂಗಡಿ ಆರಿಸುವುದರಲ್ಲಿ ಚಿಕ್ಕಮ್ಮನವರಿಗೆ ತಮ್ಮದೇ ನಿಯಮಗಳಿದ್ದವು: ಬಾಗಿಲಿಗೆ ಗಾಜು ಇರಬೇಕು, ಒಳಗೆ ತಣ್ಣಗಿರಬೇಕು, ಒಂದು ಗಂಟೆಯಲ್ಲಿ ಕನ್ನಡಕ ಕೈಗೆ ಬರಬೇಕು. ಮೇಷ್ಟ್ರ ಅಂಗಡಿಯಲ್ಲಿ ಮೂರೂ ಇರಲಿಲ್ಲ.

‘ಮೇಷ್ಟ್ರೇ, ಮೂರು ಕಡೆ ಮಾಡಿಸಿದ್ದಾಯ್ತು,’ ಎಂದು ಚಿಕ್ಕಮ್ಮ ಶುರು ಮಾಡಿದರು. ‘ಅಂಗಡೀಲಿ ಕೇಳಿದ್ರೆ ಚೆನ್ನಾಗಿದೆ ಅಂತಾಳೆ. ಮನೆಗೆ ಬಂದ್ರೆ ತಲೆ ಹಿಡ್ಕೊಂಡು ಕೂತ್ಕೋತಾಳೆ. ಇವಳಿಗೆ ಕಣ್ಣಿಲ್ವೋ ಬಾಯಿಲ್ವೋ ಅದೇ ಗೊತ್ತಾಗ್ತಿಲ್ಲ.’

‘ಎರಡೂ ನೋಡೋಣ ಬಿಡಿ,’ ಎಂದರು ಮೇಷ್ಟ್ರು.

ಮೂರು ಹಳೆಯ ಕನ್ನಡಕಗಳನ್ನೂ ಅವರು ಒರೆಸಿ, ಅಳೆದು, ಯಾರನ್ನೂ ಹಳಿಯದೆ ಪಕ್ಕಕ್ಕಿಟ್ಟರು. ಆಮೇಲೆ ಪರೀಕ್ಷೆಯ ಭಾರವಾದ ಚೌಕಟ್ಟನ್ನು ಅವಳ ಮೂಗಿನ ಮೇಲೆ ಕೂರಿಸಿ, ಒಂದೊಂದೇ ಗಾಜು ಹಾಕುತ್ತ ತೆಗೆಯುತ್ತ, ‘ಇದಾ? ಇದಾ?’ ಎಂದು ಕೇಳತೊಡಗಿದರು.

‘ಎರಡನೇದು,’ ಎಂದಳು ಹುಡುಗಿ.

‘ಈಗ?’

‘ಈಗ ಇನ್ನೂ ಚೆನ್ನಾಗಿದೆ.’

‘ಇದು?’

‘ಇದೇ ಎಲ್ಲಕ್ಕಿಂತ ಚೆನ್ನಾಗಿದೆ.’

ಮೇಷ್ಟ್ರು ಕೈಯಲ್ಲಿದ್ದ ಗಾಜನ್ನು ಅವಳ ಮುಂದೆ ಹಿಡಿದರು. ಮೂರು ಸಲವೂ ಅವರು ಹಾಕಿ ತೆಗೆದದ್ದು ಅದೇ ಒಂದು ಗಾಜು. ಹುಡುಗಿಯ ಕಿವಿ ಕೆಂಪಾಯಿತು. ಚಿಕ್ಕಮ್ಮ ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರೇ ಮೆಲ್ಲಗೆ ಹೇಳಿದರು: ‘ನೀನು ಗಾಜಿಗೆ ಮಾರ್ಕು ಕೊಡ್ತಿಲ್ಲಮ್ಮ, ನನಗೆ ಕೊಡ್ತಿದ್ದೀಯ. ನನಗೆ ಬೇಜಾರಾಗ್ಬಾರ್ದು ಅಂತ.’

ಅದು ನಿಜವಾಗಿತ್ತು. ಎದುರಿಗೆ ಬಗ್ಗಿ ನಿಂತು, ಉಸಿರು ಬಿಗಿಹಿಡಿದು, ಇಷ್ಟೊಂದು ಶ್ರಮಪಡುತ್ತಿರುವ ಮನುಷ್ಯನಿಗೆ ‘ಇಲ್ಲ’ ಎನ್ನಲು ಅವಳಿಗೆ ಎಂದೂ ನಾಲಿಗೆ ಏಳುತ್ತಿರಲಿಲ್ಲ. ಮೂರು ಅಂಗಡಿಯವರೂ ಅವಳು ಹೇಳಿದ್ದನ್ನು ನಂಬಿಯೇ ಕನ್ನಡಕ ಮಾಡಿದ್ದರು.

ಮೇಷ್ಟ್ರು ಅಂದು ಪರೀಕ್ಷೆ ನಿಲ್ಲಿಸಿ ಒಂದು ನೋಟುಬುಕ್ಕು ಕೊಟ್ಟರು. ಪರೀಕ್ಷೆಯ ಚೌಕಟ್ಟನ್ನೇ ಹಾಕಿಕೊಂಡು, ಮೂಲೆಯ ಮೇಜಿನ ಮುಂದೆ ಕುಳಿತು ತನ್ನ ಕರಡು ಹಾಳೆಗಳನ್ನು ಓದುವುದು, ಕಂಡದ್ದನ್ನು ಕಂಡಂತೆ ಬರೆಯುವುದು, ಇಷ್ಟೇ ಕೆಲಸ. ಮೇಷ್ಟ್ರು ತಮ್ಮ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು. ಹಿಂದಿನ ಕೋಣೆಯಲ್ಲಿ ಗಾಜು ಕತ್ತರಿಸುತ್ತಿದ್ದ ಅವರ ಸೊಸೆಗೂ ಆ ಕಡೆ ನೋಡಬೇಡವೆಂದು ಹೇಳಿದರು. ಚಿಕ್ಕಮ್ಮನಿಗೆ ಮಾತ್ರ, ‘ತಾಯೀ, ನೀವು ಎದುರಿಗಿದ್ರೆ ಗಾಜೂ ನಾಚ್ಕೊಳುತ್ತೆ,’ ಎಂದು ಕೈಮುಗಿದು ಹೊರಗಿನ ಬೆಂಚು ತೋರಿಸಿದರು. ಬಾಯಿಯಿಂದ ಬಾರದ ‘ಇಲ್ಲ’ ಪೆನ್ನಿನಿಂದ ಸುಲಭವಾಗಿ ಬಂತು. ನಾಲ್ಕು ಮಧ್ಯಾಹ್ನಗಳ ಆ ಬರಹದಲ್ಲಿ, ಯಾವ ಚೀಟಿಯಲ್ಲೂ ಇಲ್ಲದ ಸಂಗತಿ ಇತ್ತು: ದೂರದ ಹಲಗೆ ನೋಡುವಾಗ ತೊಂದರೆಯಿಲ್ಲ, ಓದಲು ಕುಳಿತು ನಲವತ್ತು ನಿಮಿಷವಾದ ಮೇಲೆ, ಅದೂ ಕಣ್ಣು ಕೆಳಗಿಳಿಸಿದಾಗಲೇ, ಸಾಲು ಎರಡಾಗುತ್ತದೆ. ಐದು ನಿಮಿಷದ ಪರೀಕ್ಷೆಗೆ ನಲವತ್ತನೆಯ ನಿಮಿಷದ ಕಾಯಿಲೆ ಹೇಗೆ ಸಿಕ್ಕೀತು! ಮೇಷ್ಟ್ರು ಆ ಪುಟಗಳನ್ನು ವೈದ್ಯರಿಗೆ ಕಳಿಸಿ, ಅವರ ಒಪ್ಪಿಗೆ ತರಿಸಿಕೊಂಡು, ಓದಿಗೆಂದೇ ಬೇರೆ ಕನ್ನಡಕ ಮಾಡಿದರು. ಜಾರುವ ಸಾಲನ್ನು ಹಿಡಿದು ನಿಲ್ಲಿಸಲು ಅದರಲ್ಲಿ ಓರೆಯಾಗಿ ಉಜ್ಜಿದ ಗಾಜಿತ್ತು.

ಅದನ್ನು ಹಾಕಿಕೊಂಡು ಎರಡು ದಿನ ಕಳೆದ ಮೇಲೆ ಹುಡುಗಿ ಅಂಗಡಿಗೆ ಬಂದು, ‘ಚೆನ್ನಾಗಿದೆ ಮೇಷ್ಟ್ರೇ,’ ಎಂದಳು.

‘ಬಾಯಿ ಬೇಡ, ಬುಕ್ಕು ಕೊಡು,’ ಎಂದು ಮೇಷ್ಟ್ರು ಕೈಚಾಚಿದರು.

ನೋಟುಬುಕ್ಕಿನಲ್ಲಿ ಹೀಗಿತ್ತು: ‘ಮನೆಯಲ್ಲಿ ಸರಿ. ಮುದ್ರಣಾಲಯದಲ್ಲಿ ಅರ್ಧ ಗಂಟೆಗೇ ಎರಡು.’ ಅವಳ ಗಡುವಿಗೆ ಒಂಬತ್ತು ದಿನ ಉಳಿದಿತ್ತು. ಮೇಷ್ಟ್ರು ಆ ಎರಡು ವಾಕ್ಯಗಳನ್ನು ಓದಿ, ಜೇಬಿಗೆ ದಾರ ಹಾಕಿಕೊಂಡು, ಅಂಗಡಿಯನ್ನು ಸೊಸೆಗೆ ಒಪ್ಪಿಸಿ, ನೇರವಾಗಿ ಮುದ್ರಣಾಲಯಕ್ಕೆ ನಡೆದರು. ಹುಡುಗಿ ನಾಚಿಕೆಯಿಂದ ನಾಲ್ಕು ಹೆಜ್ಜೆ ಹಿಂದೆ.

‘ಯಾರಿವರು?’ ಎಂದರು ಮೇಲ್ವಿಚಾರಕರು.

‘ಈಕೆಯ ಕನ್ನಡಕದವನು. ಈಕೆ ಕೂರೋ ಜಾಗ ತೋರಿಸಿ.’

ಅವಳು ಕೂರುವ ಡೆಸ್ಕು ಎತ್ತರದ್ದು, ಇಳಿಜಾರಿನದು. ಅಲ್ಲಿ ಅವಳು ಕತ್ತು ಎಡಕ್ಕೆ ವಾಲಿಸಿ, ಗಾಜಿನ ಕೆಳ ಅಂಚಿನಿಂದ ಓದುತ್ತಿದ್ದಳು. ದಪ್ಪ ಗಾಜು ನಡುವಿನಿಂದ ನೋಡಿದರಷ್ಟೇ ನಿಯತ್ತಿನದು. ಅಂಚಿನಿಂದ ನೋಡಿದರೆ ತಾನೇ ಸಾಲನ್ನು ಜಾರಿಸುತ್ತದೆ. ಮೇಷ್ಟ್ರು ಮೊಣಕಾಲೂರಿ ಕುಳಿತು ದಾರ ಹಿಡಿದು ಅಳೆದರು, ಎದ್ದರು. ‘ತಪ್ಪು ನಂದೇ,’ ಎಂದರು. ‘ನನ್ನ ಮೇಜಿಗೆ ಸರಿಯಾಗೋ ಕನ್ನಡಕ ಮಾಡಿಬಿಟ್ಟಿದ್ದೆ. ನನ್ನ ಮೇಜಲ್ಲಿ ನೀನು ಕೆಲಸ ಮಾಡಲ್ಲ.’ ಮೇಲ್ವಿಚಾರಕರು, ತಪ್ಪು ಒಪ್ಪಿಕೊಳ್ಳುವ ಅಂಗಡಿಯವನನ್ನು ಮೊದಲ ಸಲ ನೋಡಿದವರಂತೆ, ಒಂದು ಕುರ್ಚಿ ತರಿಸಿದರು.

ಆ ಡೆಸ್ಕಿನ ಅಳತೆಗೆ ಮಾಡಿದ ಎರಡನೆಯ ಕನ್ನಡಕ ನಾಲ್ಕನೆಯ ದಿನ ಸಿದ್ಧವಾಯಿತು. ಕೊಡುವ ಮುನ್ನ ಮೇಷ್ಟ್ರು ಒಂದು ಷರತ್ತು ಹಾಕಿದರು: ಈ ಸಲ ಉತ್ತರ ಬಾಯಿಂದಲೇ ಬರಬೇಕು. ಬೇಕೆಂದೇ ಕೆಟ್ಟ ಗಾಜೊಂದನ್ನು ಅವಳ ಕಣ್ಣಿಗೆ ಹಿಡಿದು, ‘ಹೇಗಿದೆ?’ ಎಂದರು. ಅವಳು ನೆಲ ನೋಡಿದಳು. ‘ನೆಲಕ್ಕೆ ಪವರ್ ಬೇಡಮ್ಮ, ನನ್ನ ನೋಡು.’ ಅವಳು ತಲೆಯೆತ್ತಿ, ‘ಇಲ್ಲ,’ ಎಂದಳು. ಹೊರಗಿನ ಬೆಂಚಿನಿಂದ ಚಿಕ್ಕಮ್ಮನ ದನಿ ಕೇಳಿಸಿತು: ‘ಅಯ್ಯೋ, ಇನ್ನು ಮನೇಲೂ ಶುರು ಹಚ್ಕೋತಾಳಲ್ಲ ಮೇಷ್ಟ್ರೇ!’

ಆ ವಾರ ಅವಳಿಗೆ ಬಂದ ಕರಡು ಔಷಧಿಗಳ ಪ್ರಮಾಣ ತಿಳಿಸುವ ಕೈಪಿಡಿಯದು. ನೂರಾರು ಸಾಲುಗಳ ಕೋಷ್ಟಕ. ಒಂದು ಸಾಲು ಜಾರಿದರೆ ಮಗುವಿಗೆ ಕೊಡಬೇಕಾದದ್ದು ದೊಡ್ಡವರಿಗೆ, ದೊಡ್ಡವರದು ಮಗುವಿಗೆ. ಅವಳು ತಿದ್ದಿದ ಹಾಳೆಗಳನ್ನು ಮೇಲ್ವಿಚಾರಕರು ಇಡೀ ದಿನ ನೋಡಿ, ಸಂಜೆ, ‘ನನಗೇನೂ ಕೆಲಸ ಉಳಿಸಿಲ್ವಲ್ಲಮ್ಮ,’ ಎಂದರು. ಕೆಲಸ ಖಾಯಂ ಆಯಿತು.

ಮುಂದಿನ ವರ್ಷಗಳಲ್ಲಿ ಅವಳು ವರ್ಷಕ್ಕೊಮ್ಮೆ ನೋಟುಬುಕ್ಕಿನೊಂದಿಗೆ ಬರುತ್ತಿದ್ದಳು. ಮೇಷ್ಟ್ರು ಪ್ರತಿ ಸಲವೂ ನಡುವೆ ಒಂದು ಸಲ ಅದೇ ಗಾಜನ್ನು ಮತ್ತೆ ಹಾಕಿ ಪರೀಕ್ಷಿಸುತ್ತಿದ್ದರು, ಅವಳು ‘ಇದು ಆಗಲೇ ಬಂದಿತ್ತು,’ ಎನ್ನುತ್ತಿದ್ದಳು. ಬೇರೆಯವರಿಗೂ ಈ ನೋಟುಬುಕ್ಕಿನ ಪದ್ಧತಿ ಬಳಕೆಗೆ ಬಂತು. ಹದಿನೇಳು ಶಿಷ್ಯರ ಅಂಗಡಿಗಳಲ್ಲಿ ಇಂದು ಮೂಲೆಯ ಮೇಜಿನ ಮೇಲೆ ನೋಟುಬುಕ್ಕು ಇರುವುದು ಹೀಗೆ.

ಕಳೆದ ವರ್ಷದ ಪರೀಕ್ಷೆಯ ದಿನ ನಡೆದದ್ದನ್ನು ಇಲ್ಲಿ ಬಿಡುವಂತಿಲ್ಲ. ಸಿಲಿಂಡರ್ ಗಾಜನ್ನು ಕೂರಿಸಿ ಮೇಷ್ಟ್ರು, ‘ಹೇಗಿದೆ?’ ಎಂದರು.

‘ಇಲ್ಲ ಮೇಷ್ಟ್ರೇ. ಅಕ್ಷರ ಎಡಕ್ಕೆ ವಾಲ್ತಿದೆ.’

‘ಸರಿಯಾಗೇ ಇಟ್ಟಿದ್ದೀನಿ. ಇನ್ನೊಂದ್ಸಲ ನೋಡು.’

‘ಇಲ್ಲ.’

‘ನಿನ್ನ ಕಣ್ಣು ದಣಿದಿದೆ.’

ಅವಳಿಗೆ ಹಳೆಯ ಅಭ್ಯಾಸ ನಾಲಿಗೆಯ ತುದಿಗೆ ಬಂತು. ಚೆನ್ನಾಗಿದೆ ಎಂದುಬಿಟ್ಟರೆ ಮುಗಿಯುತ್ತಿತ್ತು. ಎದುರಿಗಿದ್ದವರು ಹೊರಗಿನವರಲ್ಲ, ಅವಳ ಅನ್ನ ಉಳಿಸಿದವರು. ಮೂರನೆಯ ಸಲವೂ ಅವಳು, ‘ಇಲ್ಲ,’ ಎಂದಳು. ಸೊಸೆ ಹಿಂದಿನ ಕೋಣೆಯಿಂದ ಬಂದು ಚೌಕಟ್ಟಿನ ಮೇಲಿನ ಕೋನದ ಅಂಕಿ ನೋಡಿದರು. ಐವತ್ತೈದು ಡಿಗ್ರಿಗೆ ನಿಲ್ಲಬೇಕಾದ ಗೆರೆ ಅರವತ್ತೈದಕ್ಕೆ ನಿಂತಿತ್ತು.

ಮೇಷ್ಟ್ರು ತಾವಾಗಿಯೇ ಎದ್ದು ಗಿರಾಕಿಯ ಕುರ್ಚಿಯಲ್ಲಿ ಕುಳಿತರು. ಸೊಸೆ ಅವರಿಗೆ ಚೌಕಟ್ಟು ತೊಡಿಸಿ, ‘ಇದಾ ಮಾವ, ಇದಾ?’ ಎಂದು ಕೇಳುತ್ತ ಹೋದರು.

‘ಚೆನ್ನಾಗಿದೆಯಮ್ಮ. ಇದೂ ಚೆನ್ನಾಗಿದೆ. ಹ್ಞಾಂ, ಇದಂತೂ ಬಹಳ ಚೆನ್ನಾಗಿದೆ.’

‘ಮಾವ,’ ಎಂದರು ಸೊಸೆ, ‘ಈಗ ಗಾಜೇ ಹಾಕಿಲ್ಲ.’

ಮೊದಲು ನಕ್ಕವರು ಮೇಷ್ಟ್ರೇ. ನಗು ನಿಂತ ಮೇಲೆ ಎರಡೂ ಕಣ್ಣಿಗೆ ಪೊರೆ ಬಂದಿರುವುದು ಗೊತ್ತಾಯಿತು.

ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಈಗ ಅವರು ಎದುರಿನ ಕಟ್ಟಡದ ಬಿರುಕುಗಳನ್ನೂ ಎಣಿಸಬಲ್ಲರು. ಹಾಗಿದ್ದೂ ಅಂಗಡಿಯನ್ನು ಸೊಸೆಗೆ ಬಿಟ್ಟುಕೊಟ್ಟಾಗ, ತನ್ನ ಮೂರು ‘ಇಲ್ಲ’ಗಳಿಂದಲೇ ಹೀಗಾಯಿತೆಂದು ಹುಡುಗಿ ಕೊರಗಿದಳು. ಹೇಳಲಾಗದೆ ನೋಟುಬುಕ್ಕಿನಲ್ಲಿ ಬರೆದು ಕೊಟ್ಟಳು. ಮೇಷ್ಟ್ರು ಓದಿ ಹೇಳಿದರು: ‘ಕುರ್ಚಿ ಬಿಟ್ಟಿದ್ದು ಕಣ್ಣಿಂದಲ್ಲಮ್ಮ, ಕಣ್ಣು ಬಂತಲ್ಲ. ಅವತ್ತು ನೀನು ಇಲ್ಲ ಅಂದಾಗ ನಾನು ನಂಬಲಿಲ್ಲ ನೋಡು, ನಿನ್ನ ಕಣ್ಣು ದಣಿದಿದೆ ಅಂದೆ. ಆ ಮಾತು ಬಾಯಿಂದ ಬಂದ ದಿನ ಈ ಕುರ್ಚಿ ಬಿಡಬೇಕು. ನೀನು ಇಲ್ಲ ಅನ್ನದೇ ಹೋಗಿದ್ರೆ, ನನಗೆ ಯಾರು ಹೇಳ್ತಿದ್ರು?’

ತೊಡಕಿನ ಕಣ್ಣುಳ್ಳವರು ಎಂಥವರ ಬಳಿ ಹೋಗಬೇಕೆಂದು ಕೇಳಿದರೆ ಅವಳ ಬಳಿ ಈಗ ಒಂದೇ ಉತ್ತರವಿದೆ: ‘ಇಲ್ಲ’ ಎಂದರೆ ಮುಖ ಸಣ್ಣದು ಮಾಡದವರ ಬಳಿ. ಈ ವರ್ಷ ಅವಳು ಹೋದದ್ದು ಸೊಸೆಯ ಬಳಿಗೇ.

ಮೇಷ್ಟ್ರು ವಾರಕ್ಕೆ ಎರಡು ಮಧ್ಯಾಹ್ನ ಮೂಲೆಯ ಮೇಜಿನಲ್ಲಿ ಕುಳಿತು, ಕಷ್ಟದ ಕಣ್ಣಿನವರು ಬರೆದ ನೋಟುಬುಕ್ಕುಗಳನ್ನು ಓದುತ್ತಾರೆ. ಆ ಮೇಜು, ಆ ದಾರ, ಆ ಓದು ಇನ್ನೂ ಬಹುಕಾಲ ನಡೆಯಲಿ. ಅವರಿಗೆ ಆಯುಸ್ಸೂ ಆರೋಗ್ಯವೂ ಯಾವ ಅಳತೆಗೂ ಸಿಗದಷ್ಟು ಉದ್ದವಾಗಿರಲಿ.

ಈ ಸಂಪುಟದ ಕರಡು ತಿದ್ದಿದವಳೂ ಅದೇ ಹುಡುಗಿ. ಮುನ್ನುಡಿಯ ಕರಡಿನಲ್ಲಿ, ‘ನಲವತ್ತೊಂದು ವರ್ಷಗಳಲ್ಲಿ ಒಮ್ಮೆಯೂ ತಪ್ಪು ಮಾಡದ’ ಎಂಬ ಸಾಲು ಇತ್ತು. ಅವಳು ಅದನ್ನು ಎರಡು ಸಲ ಓದಿದಳು. ಸಾಲು ಒಂದೇ ಕಂಡಿತು, ನೇರವಾಗಿಯೇ ಕಂಡಿತು. ಅಂಚಿನಲ್ಲಿ ‘ಇಲ್ಲ’ ಎಂದು ಬರೆದು ಮೇಷ್ಟ್ರಿಗೆ ಕಳಿಸಿದಳು. ಹಾಳೆ ಮರಳಿ ಬಂದಾಗ ಆ ಪದದ ಪಕ್ಕದಲ್ಲಿ ಅವರ ಅಕ್ಷರದಲ್ಲಿ ಒಂದು ಮಾತಿತ್ತು: ‘ಚೆನ್ನಾಗಿದೆ.’