ಕಚ್ಚಿ ತಿನ್ನುವ ದೊಡ್ಡಮ್ಮ

ನಮ್ಮ ದೊಡ್ಡಮ್ಮನ ಬಾಯಿಯೇ ಹಾಗೆ. ಮುದ್ದು ಹೆಚ್ಚಾದಷ್ಟೂ ಬೈಗುಳ ಹೆಚ್ಚು. ಕೆಲಸಕ್ಕೆ ಹೋಗುವ ತಾಯಂದಿರು ಮಕ್ಕಳನ್ನು ಬಿಟ್ಟುಹೋಗುವ ಶಿಶುವಿಹಾರದಲ್ಲಿ ಅವಳು ಇಪ್ಪತ್ತೆರಡು ವರ್ಷದಿಂದ ಆಯಾ. ಅವಳ ತಂಗಿಯ ಮಗಳು ನಾನು. ಇರುವುದು ಅವಳ ಮನೆಯಲ್ಲೇ, ದುಡಿಯುವುದೂ ಅವಳ ಕೈಕೆಳಗೇ. ಮಕ್ಕಳ ಮುಖ ಒರೆಸುವಾಗ 'ಕಳ್ಳಿ', ಊಟ ಮಾಡಿಸುವಾಗ 'ರಾಕ್ಷಸಿ', ಮಲಗಿಸುವಾಗ 'ಕಚ್ಚಿ ತಿಂದ್ಬಿಡ್ತೀನಿ ನೋಡು'. ಎರಡೂವರೆ ವರ್ಷದ ಗುಂಡಮ್ಮನಿಗಂತೂ ಆ ಕೊನೆಯ ಮಾತು ಕೇಳದೆ ನಿದ್ದೆಯೇ ಇಲ್ಲ. ಕೆನ್ನೆ ಮುಂದೆ ಮಾಡಿ "ತಿನ್ನು" ಎನ್ನುವಳು. ಆ ಹೆಸರಿಟ್ಟವಳೂ ದೊಡ್ಡಮ್ಮನೇ.

ಕಳೆದ ವರ್ಷ ಕೋಣೆಯ ಚಾವಣಿಗೆ ಬಿಳಿ ಪೆಟ್ಟಿಗೆಯೊಂದನ್ನು ಕೂರಿಸಿದರು. ನಾವಾಡುವ ಮಾತನ್ನೆಲ್ಲ ಕೇಳಿಸಿಕೊಂಡು, ಅಪಾಯವೆನಿಸಿದರೆ ತಾನೇ ಕೆಂಪು ದೀಪ ಹೊತ್ತಿಸುತ್ತದಂತೆ. ಒಬ್ಬರ ಮಾತಿಗೆ ಮೂರು ಸಲ ಹೊತ್ತಿದರೆ ಅವರ ಕೆಲಸ ಹೋಯಿತು. ಬಾಗಿಲಿಗೆ ತೋರಿಸುವ ಕಾರ್ಡು ತಾನಾಗಿ ನಿಂತುಹೋಗುತ್ತದೆ.

ಮೊದಲ ದಿನವೇ ದೀಪ ಹೊತ್ತಿತು. ದೊಡ್ಡಮ್ಮನ ಮೊಬೈಲಿಗೆ ಬಂದ ಸಂದೇಶವನ್ನು ನಾನೇ ಓದಿದೆ: 'ಮಗುವನ್ನು ಕಚ್ಚುವ ಬೆದರಿಕೆ.' ಅವಳು ಬಿದ್ದು ಬಿದ್ದು ನಕ್ಕಳು.

"ನನಗಿರೋದೇ ಆರು ಹಲ್ಲು! ಅಯ್ಯೋ, ನಕ್ಕು ನಕ್ಕು ಸತ್ತೆ ಕಣೇ!"

ದೀಪ ಮತ್ತೆ ಹೊತ್ತಿತು. 'ಮಕ್ಕಳೆದುರು ಸಾವಿನ ಮಾತು.'

ಆಮೇಲೆ ಅವಳು ಆ ಕೋಣೆಯಲ್ಲಿ ನಗಲಿಲ್ಲ.

ಮೇಲ್ವಿಚಾರಕಿ ಕೆಟ್ಟವಳೇನಲ್ಲ. "ನನ್ನ ಕೈಲಿ ಏನೂ ಇಲ್ಲಮ್ಮ, ಇದರಲ್ಲಿರೋ ಹಾಗೇ ಮಾತಾಡಿ" ಎಂದು ಒಂದು ಹಾಳೆ ಕೊಟ್ಟಳು. 'ಮಗು, ದಯವಿಟ್ಟು ಕುಳಿತುಕೊಳ್ಳಿ. ಮಗು, ದಯವಿಟ್ಟು ಕೆಳಗೆ ಇಳಿಯಿರಿ.' ಪಾಪ, ದೊಡ್ಡಮ್ಮ ಬಸ್ಸಿನಲ್ಲಿ ಅದನ್ನು ಬಾಯಿಪಾಠ ಮಾಡಿದಳು. 'ಕುಳಿತುಕೊಳ್ಳಿ' ಎಂದರೆ ಗುಂಡಮ್ಮ ಯಾರೋ ದೊಡ್ಡವರು ಬಂದರೆಂದು ಹಿಂದೆ ತಿರುಗಿ ನೋಡುತ್ತಿದ್ದಳು. ನನಗೆ ಸಿಟ್ಟು ನೆತ್ತಿಗೇರಿ, ಒಮ್ಮೆ ಸ್ಟೂಲು ಹತ್ತಿ ಆ ದರಿದ್ರ ಪೆಟ್ಟಿಗೆಗೆ ಟವೆಲ್ ಹೊದಿಸಲು ಹೋದೆ. ದೊಡ್ಡಮ್ಮ ಕೈ ಹಿಡಿದು ಎಳೆದಳು.

ಮನೆಯಲ್ಲೂ ಪಿಸುಮಾತೇ ಆಯಿತು. ಒಂದು ಸಂಜೆ ನನ್ನ ಮೊಬೈಲನ್ನು ದಿಂಬಿನಡಿ ತುರುಕಿ, "ಇದೂ ಕೇಳಿಸ್ಕೊಳ್ತಿದ್ರೆ? ನಿದ್ದೇಲಿ ಏನಾದ್ರೂ ಅಂದ್ಬಿಟ್ರೆ ಏನು ಗತಿ?" ಎಂದಳು. ಅವಳ ಬಾಯಿಗೆ ಊರೇ ಹೆದರುತ್ತಿತ್ತು. ಈಗ ಅವಳೇ ಹೆದರುತ್ತಿದ್ದಳು.

ಮರುವಾರ ಮಧ್ಯಾಹ್ನ ನಾನು ಹಾಸಿಗೆ ಹಾಸುತ್ತಿದ್ದೆ. ತಲೆಯೆತ್ತಿದರೆ, ಗುಂಡಮ್ಮ ಆಟಿಕೆ ಕಪಾಟಿನ ಮೇಲಿನ ಹಲಗೆ ಹತ್ತಿ, ಒಂದೇ ಕೈಯಲ್ಲಿ ಅಂಚು ಹಿಡಿದು ನಿಂತಿದ್ದಾಳೆ. ಕೆಳಗೆ ಕಲ್ಲಿನ ನೆಲ. ದೊಡ್ಡಮ್ಮ ನಾಲ್ಕು ಹೆಜ್ಜೆ ದೂರದಲ್ಲಿದ್ದಳು. ಅವಳ ಬಾಯಿ ತೆರೆಯಿತು, ಮುಚ್ಚಿತು. ಕಣ್ಣು ಪೆಟ್ಟಿಗೆಯತ್ತ ಹೋಯಿತು.

"ಮಗು, ದಯವಿಟ್ಟು... ಕೆಳಗೆ ಇಳಿಯಿರಿ."

ಯಾರಿಗೆ ಹೇಳುತ್ತಿದ್ದಾರೆಂದು ನೋಡಲು ಗುಂಡಮ್ಮ ಹಿಂದೆ ತಿರುಗಿದಳು. ಕಾಲು ಜಾರಿತು.

"ಏ ಗುಂಡೀ! ಸತ್ತೋಗ್ತೀಯಾ! ಹಿಡ್ಕೊಳೇ, ಕೈ ಬಿಟ್ರೆ ಕಚ್ಚಿ ತಿಂದ್ಬಿಡ್ತೀನಿ!"

ಆ ದನಿ ಕೇಳಿದ್ದೇ ತಡ, ಮಗು ಎರಡೂ ಕೈಯಲ್ಲಿ ಹಲಗೆಯನ್ನು ಅವುಚಿಕೊಂಡು ನೇತಾಡಿತು. ದೊಡ್ಡಮ್ಮ ಓಡಿಹೋಗಿ ಬಾಚಿ ತಬ್ಬಿಕೊಂಡಳು. ಚಾವಣಿ ಕೆಂಪಾಯಿತು. ಅವಳು ತಲೆಯೆತ್ತಲೇ ಇಲ್ಲ. ಮಗುವಿನ ಕುತ್ತಿಗೆಯಲ್ಲಿ ಮುಖ ಹುದುಗಿಸಿ, ಗಳಗಳ ಅಳುತ್ತಾ, ಗೊತ್ತಿದ್ದ ಬೈಗುಳವನ್ನೆಲ್ಲ ಬೈದಳು.

ನಾನು ಮೇಲ್ವಿಚಾರಕಿಯ ಮುಂದೆ ಅಂಗಲಾಚಿದೆ. ಅವಳು ಕಂಪ್ಯೂಟರಿನ ಪರದೆ ತೋರಿಸಿದಳು: 'ಮಗುವಿಗೆ ಸಾವಿನ ಬೆದರಿಕೆ.'

"ಮಗು ಬೀಳ್ತಿತ್ತು ಮೇಡಂ!"

"ಅದಕ್ಕೆ ಅದು ಕಾಣಲ್ಲಮ್ಮ. ಅದಕ್ಕಿರೋದು ಕಿವಿ ಮಾತ್ರ."

ಮರುದಿನ ಬೆಳಿಗ್ಗೆ ಬಾಗಿಲು ನನ್ನ ಕಾರ್ಡಿಗೆ ತೆರೆಯಿತು. ದೊಡ್ಡಮ್ಮ ತನ್ನದನ್ನು ಬಟ್ಟೆಗೆ ಉಜ್ಜಿ ಉಜ್ಜಿ ಮೂರು ಸಲ ಇಟ್ಟು ನೋಡಿದಳು. "ಒಳಗೆ ಹೋಗೇ, ಗುಂಡಿ ಅಳ್ತಿರ್ತಾಳೆ" ಎಂದು ನನ್ನನ್ನು ತಳ್ಳಿದಳು.

ಮಧ್ಯಾಹ್ನ ಎಲ್ಲರೂ ಮಲಗಿದರೂ ಗುಂಡಮ್ಮ ಬಾಗಿಲನ್ನೇ ನೋಡುತ್ತಿದ್ದಳು. ಕೊನೆಗೆ ಎದ್ದು ಬಂದು, ಒದ್ದೆ ಕೆನ್ನೆಯನ್ನು ನನ್ನ ಮುಂದೆ ಹಿಡಿದಳು. "ತಿನ್ನು."

ಈಗ ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಮೇಲೆ ಪೆಟ್ಟಿಗೆ ಕೇಳಿಸಿಕೊಳ್ಳುತ್ತಲೇ ಇತ್ತು. ಮಗು ಕಾಯುತ್ತಿತ್ತು.

"ಕಚ್ಚಿ ತಿಂದ್ಬಿಡ್ತೀನಿ ನೋಡು" ಎಂದೆ, ದೊಡ್ಡಮ್ಮನಷ್ಟೇ ಗಟ್ಟಿಯಾಗಿ.

ಗುಂಡಮ್ಮ ನನ್ನ ಮಡಿಲಲ್ಲಿ ಕಣ್ಣು ಮುಚ್ಚಿದಳು. ಅವಳ ಕೆನ್ನೆಯ ಮೇಲೆ ಕೆಂಪು ಬೆಳಕು ಬಿತ್ತು.