ಅಕ್ಕ ನಂಬಿದ ಭಾಷಣ

ಪಕ್ಷದ ಕಚೇರಿಯಲ್ಲಿ ಅವನನ್ನು ಎಲ್ಲರೂ ‘ಕವಿಗಳು’ ಎಂದೇ ಕರೆಯುತ್ತಿದ್ದರು. ಜನ್ಮದಲ್ಲಿ ಒಂದು ಕವಿತೆ ಬರೆದವನಲ್ಲ. ನಾಯಕರ ಭಾಷಣ ಬರೆಯುವುದು ಅವನ ಕೆಲಸ. ಅದರಲ್ಲೂ ದೇವರ ಮಾತು ಬಂದರೆ ಅವನ ಕೈಯೇ ಆಗಬೇಕು. ಕಾಲೇಜಿನ ದಿನಗಳಲ್ಲೇ ದೇವರನ್ನು ಬಿಟ್ಟಿದ್ದವನಿಗೆ, ಯಾವ ಮಾತಿಗೆ ಭಕ್ತರ ಕಣ್ಣು ಒದ್ದೆಯಾಗುತ್ತದೆಂದು ಮಾತ್ರ ಚೆನ್ನಾಗಿ ಗೊತ್ತಿತ್ತು. ಅದೆಲ್ಲ ಅಕ್ಕನಿಂದ ಬಂದದ್ದು. ತಾಯಿಯಿಲ್ಲದ ಮನೆಯಲ್ಲಿ ಅವನನ್ನು ಸಾಕಿದವಳು ಅವಳು. ದಿನಾ ಬೆಳಿಗ್ಗೆ ಅವಳು ಕಣ್ಣುಮುಚ್ಚಿ ಪ್ರಾರ್ಥಿಸುವಾಗ ಸೆರಗು ಹಿಡಿದು ಪಕ್ಕದಲ್ಲೇ ಕೂತಿರುತ್ತಿದ್ದ. ಭಾಷಣದ ಗುಟ್ಟು ಹೊರಗೆ ಬಿಡುವಂತಿರಲಿಲ್ಲವಾದ್ದರಿಂದ ಅಕ್ಕನ ಪಾಲಿಗೆ ಅವನು ಬರೀ ಗುಮಾಸ್ತ.

ಆ ವರ್ಷದ ಚುನಾವಣೆಗೆ ಅವನೊಂದು ಕಥೆ ಕಟ್ಟಿದ. ಡಾಕ್ಟರು ಕೈಚೆಲ್ಲಿದ ತಮ್ಮ ತಾಯಿಯನ್ನು ನಾಯಕರು ಮನೆಗೆ ಕರೆತಂದು ಬರೀ ಪ್ರಾರ್ಥನೆಯಿಂದಲೇ ಉಳಿಸಿಕೊಂಡ ಕಥೆ. ಆ ತಾಯಿಗೆ ನೆಗಡಿ ಬಿಟ್ಟರೆ ಬೇರೆ ಕಾಯಿಲೆ ಬಂದದ್ದೇ ಇಲ್ಲ. ಸಭೆಯಲ್ಲಿ ಜನ ಬಿಕ್ಕಿ ಬಿಕ್ಕಿ ಅತ್ತರು.

ಅದಾದ ಸ್ವಲ್ಪ ದಿನಕ್ಕೆ ಅಕ್ಕನ ಹೊಟ್ಟೆಯಲ್ಲಿ ಗಡ್ಡೆ ಇರುವುದು ಗೊತ್ತಾಯಿತು. ಈಗಲೇ ತೆಗೆದರೆ ಭಯವಿಲ್ಲ ಎಂದರು ಡಾಕ್ಟರು. ಅಕ್ಕ ಸುತರಾಂ ಒಪ್ಪಲಿಲ್ಲ.

“ಟೀವೀಲಿ ನಾಯಕರೇ ಹೇಳಿದ್ರಲ್ಲೋ! ಅವರ ತಾಯಿಗೆ ಯಾರು ಆಪರೇಷನ್ ಮಾಡಿದ್ರು?”

“ಅಕ್ಕಾ, ಅದು ಶುದ್ಧ ಸುಳ್ಳು. ಬರೆದವನೇ ನಾನು.”

ಅಕ್ಕ ನಕ್ಕುಬಿಟ್ಟಳು. “ನನ್ನ ಒಪ್ಪಿಸೋಕೆ ಏನು ಬೇಕಾದ್ರೂ ಹೇಳ್ತೀಯ. ದೇವರ ಮುಂದೆ ಒಂದು ಗಳಿಗೆ ಕೂರದವನು ಅಂಥ ಮಾತು ಬರೀತಾನಾ?”

ಬೇರೆ ದಾರಿ ಕಾಣದೆ ಅವನು ನಾಯಕರ ಬಳಿ ಹೋದ. “ಒಂದು ಫೋನ್ ಮಾಡಿ ಸಾರ್. ಆಪರೇಷನ್ ಮಾಡಿಸ್ಕೊಳ್ಳಿ ಅಂತ ನೀವು ಹೇಳಿದ್ರೆ ಕೇಳ್ತಾಳೆ.”

ನಾಯಕರು ಎದ್ದು ಬಾಗಿಲು ಹಾಕಿ ಬಂದರು. ಅವರ ಮುಖದಲ್ಲಿ ನಿಜವಾಗಿಯೂ ಸಂಕಟವಿತ್ತು. “ನನಗೂ ದೇವರು ಗೀವರು ಅಷ್ಟಕ್ಕಷ್ಟೇ, ನಿಮಗೆ ಗೊತ್ತಲ್ಲ. ಆದ್ರೆ ನಾನು ಹೀಗಂದೆ ಅಂತ ಆಸ್ಪತ್ರೇಲಿ ಯಾರಾದ್ರೂ ಬಾಯಿಬಿಟ್ರೆ? ಸಲಹೆ ಕೊಡೋರು ನೀವೇ ಅಲ್ವಾ, ಹೇಳಿ, ಮಾಡ್ಲಾ?”

ಬೇರೆ ಯಾರ ಅಕ್ಕನಾಗಿದ್ದರೂ ಬೇಡವೆಂದೇ ಅವನು ಹೇಳುತ್ತಿದ್ದ. ಈಗ ಮೇಜಿನ ಮೇಲಿದ್ದ ಫೋನನ್ನೇ ನೋಡುತ್ತ ನಿಂತ.

“ಚುನಾವಣೆ ಮುಗೀಲಿ, ಖಂಡಿತ ಮಾಡ್ತೀನಿ,” ಎಂದು ನಾಯಕರು ಅವನ ಬೆನ್ನು ತಟ್ಟಿದರು.

ಮಾತು ತಪ್ಪಲಿಲ್ಲ. ಮೂರು ತಿಂಗಳ ನಂತರ, ಗೆದ್ದ ಮರುದಿನವೇ ಫೋನ್ ಮಾಡಿದರು. ಅಕ್ಕ ಹಿರಿಹಿರಿ ಹಿಗ್ಗಿ ಆಪರೇಷನ್ನಿಗೆ ಒಪ್ಪಿದಳು. ಅಷ್ಟರಲ್ಲಿ ಗಡ್ಡೆ ಒಳಗೆಲ್ಲ ಹಬ್ಬಿತ್ತು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದರು ಡಾಕ್ಟರು.

ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ಅಕ್ಕ ಚಮಚ ಸರಿಸಿ, “ನನಗೋಸ್ಕರ ಒಂದೇ ಒಂದ್ಸಲ ಪ್ರಾರ್ಥನೆ ಮಾಡೋ,” ಎಂದಳು.

ಅವನು ಬಟ್ಟಲು ಕೆಳಗಿಟ್ಟು ಅವಳ ಕೈ ಹಿಡಿದುಕೊಂಡ. ಎಷ್ಟೋ ಸಭೆಗಳಿಗೆ ಬರೆದುಕೊಟ್ಟ ಮಾತುಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. ಬರೀ ತುಟಿ ಆಡಿಸಿದ.

“ಜೋರಾಗಿ ಹೇಳೋ,” ಎಂದಳು ಅಕ್ಕ. “ಕೇಳಿಸ್ತಿಲ್ಲ.”